ಸ್ಕಾಟ್ಲೆಂಡಿನ ಹೊಲದಾಳು ಪೂರ್ವಜ ಕೈಗೆ ಸಿಗದಿದ್ದರೆ: ಲಕ್ಷಣ ನೋಡಿ ಹುಡುಕುವ ಕೈಪಿಡಿ

ನನ್ನ ಅತ್ತೆಯವರ ಮುತ್ತಜ್ಜ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆಂಗಸ್ ಸೀಮೆಯಲ್ಲಿ ಉಳುವ ಆಳಾಗಿದ್ದವನು. ಅವನ ಜಾಡು ಹಿಡಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದರಲ್ಲಿ ಮೂರು ವರ್ಷ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈ ಹೆಸರಿನವನು ಎಲ್ಲಿದ್ದಾನೆ? ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ಆ ವರ್ಷ, ಆ ತಿಂಗಳು ಅವನು ಯಾರ ಹೊಲದಲ್ಲಿ ಸಂಬಳಕ್ಕಿದ್ದ?

ನೆಲದ ಒಡೆಯನ ಹೆಸರು ಆಸ್ತಿಪತ್ರಗಳಲ್ಲಿ ಉಳಿಯುತ್ತದೆ. ಗೇಣಿದಾರನ ಹೆಸರು ಒಡೆಯನ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಆಳಿನ ಹೆಸರು ಹುಟ್ಟು, ಮದುವೆ, ಸಾವುಗಳಲ್ಲಿ ಮತ್ತು ಹತ್ತು ವರ್ಷಕ್ಕೊಮ್ಮೆ ಗಣತಿಯವನು ಬಾಗಿಲಿಗೆ ಬಂದಾಗ ಕಾಣಿಸಿಕೊಂಡು ಮರೆಯಾಗುತ್ತದೆ. ನಡುವೆ ಅವನು ನಾಲ್ಕಾರು ಹೊಲ ಬದಲಿಸಿರುತ್ತಾನೆ. ಹೀಗಾಗಿ ಅವನನ್ನು ಹೆಸರಿನಿಂದ ಹುಡುಕುವುದಕ್ಕಿಂತ ಹೊಲದಿಂದ ಹುಡುಕುವುದು ಮೇಲು. ಕೆಳಗಿನ ಎಲ್ಲ ಪರೀಕ್ಷೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಶುರು ಮಾಡುವ ಮುನ್ನ, ಕಾಸು ಬಿಚ್ಚದೆ

ಮನೆಯ ಹಿರಿಯರನ್ನು ಕೇಳಿ. ಊರಿನ ಹೆಸರು ಅವರಿಗೆ ಮರೆತಿದ್ದರೂ ಹೊಲದ ಹೆಸರು ನೆನಪಿರುವುದುಂಟು. ಹಳೆಯ ಫೋಟೋಗಳ ಹಿಂಬದಿ, ಕುಟುಂಬದ ಬೈಬಲ್‌ನ ಮೊದಲ ಪುಟ ನೋಡಿ. ಮಕ್ಕಳ ಎರಡನೆಯ ಹೆಸರುಗಳನ್ನು ಬರೆದುಕೊಳ್ಳಿ. ಅಜ್ಜಿಯ ತವರುಮನೆಯ ಹೆಸರು ಎಷ್ಟೋ ಸಲ ಅಲ್ಲಿ ಕೂತಿರುತ್ತದೆ.

ಆಮೇಲೆ 'ಸ್ಕಾಟ್ಲೆಂಡ್ಸ್ ಪೀಪಲ್' ಎಂಬ ಸರ್ಕಾರಿ ಜಾಲತಾಣದಲ್ಲಿ ಖಾತೆ ತೆರೆಯಿರಿ. ಹೆಸರಿನ ಸೂಚಿಯಲ್ಲಿ ಹುಡುಕುವುದಕ್ಕೆ ಹಣವಿಲ್ಲ. ಹುಟ್ಟು, ಮದುವೆ, ಸಾವುಗಳ ಮೂಲ ಪುಟದ ಚಿತ್ರ ತೆರೆಯುವುದಕ್ಕೆ ಹಣ ಕೊಡಬೇಕು. ಸೂಚಿಯಲ್ಲಿ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ, ಹೊಂದದ್ದನ್ನು ಹೊಡೆದುಹಾಕಿ, ಉಳಿದ ಒಂದೆರಡಕ್ಕೆ ಮಾತ್ರ ಹಣ ಹಾಕಿ. ಒಂದು ನೋಟ್‌ಪುಸ್ತಕವನ್ನೂ ಇಡಿ. ಅವನು ಕಂಡ ಪ್ರತಿ ಸಲವೂ ದಿನಾಂಕ, ಹೊಲ, ಪ್ಯಾರಿಷ್ (ಚರ್ಚಿನ ಆಡಳಿತ ವಲಯ), ಕಸುಬು, ಮಾಹಿತಿ ಕೊಟ್ಟವರು ಯಾರು, ಈ ಐದನ್ನೂ ಬರೆಯಿರಿ.

ಲಕ್ಷಣ: ಹೆಸರು ಹಾಕಿದರೆ ಏನೂ ಬರುವುದಿಲ್ಲ

ಇಲ್ಲಿ ಮೊದಲು ಸಂಶಯಪಡಬೇಕಾದದ್ದು ಕಾಗುಣಿತವನ್ನು. ಆಳು ತನ್ನ ಹೆಸರನ್ನು ಬಾಯಲ್ಲಿ ಹೇಳಿದ. ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದ. ನಾನು ಹುಡುಕುತ್ತಿದ್ದ ಮಿಲ್ನ್ ಮನೆತನ ಒಂದು ಕಡೆ ಮಿಲ್ ಆಗಿತ್ತು, ಇನ್ನೊಂದು ಕಡೆ ಮಿಲ್ಸ್. ಥಾಮ್ಸನ್ ಹೆಸರಿನಲ್ಲಿ 'ಪಿ' ಅಕ್ಷರ ಬರುತ್ತದೆ, ಹೋಗುತ್ತದೆ. 'ಮ್ಯಾಕ್' ಎಂಬುದನ್ನು ಪೂರ್ತಿ ಬರೆದವರಿದ್ದಾರೆ, ಎರಡೇ ಅಕ್ಷರದಲ್ಲಿ ಮುಗಿಸಿದವರಿದ್ದಾರೆ, ಊರು ಬಿಟ್ಟು ತಗ್ಗುಸೀಮೆಗೆ ಬಂದ ಮೇಲೆ ಅದನ್ನು ಕಳಚಿಟ್ಟವರೂ ಇದ್ದಾರೆ. ಹೆಸರಿನ ಮೊದಲ ಎರಡು ಮೂರು ಅಕ್ಷರ ಹಾಕಿ ಮುಂದೆ ನಕ್ಷತ್ರ ಚಿಹ್ನೆ ಇಟ್ಟು ಹುಡುಕಿ.

ಕರೆಯುವ ಹೆಸರುಗಳದ್ದು ಇನ್ನೊಂದು ತೊಡಕು. ಎಲ್ಸ್‌ಪೆತ್ ಮತ್ತು ಎಲಿಜಬೆತ್ ಒಬ್ಬಳೇ ಇರಬಹುದು. ಜಾನೆಟ್ ಮನೆಯಲ್ಲಿ ಜೆಸ್ಸಿ. ಗ್ರಿಜೆಲ್ ಮುಂದೆ ಗ್ರೇಸ್ ಆಗುತ್ತಾಳೆ, ಯೂಫೀಮಿಯಾ ಎಫಿ. ಪ್ಯಾಟ್ರಿಕ್ ಮತ್ತು ಪೀಟರ್ ಒಂದೇ ಹೆಸರೆಂದು ನಡೆಯುತ್ತಿತ್ತು. ಗೇಲಿಕ್ ನುಡಿಯಾಡುವ ಸೀಮೆಯ ಡೊನಾಲ್ಡ್ ಇಂಗ್ಲಿಷ್ ಕಾಗದದಲ್ಲಿ ಡೇನಿಯಲ್ ಆದದ್ದುಂಟು. ಕ್ರಿಶ್ಚಿಯನ್ ಎಂಬುದು ಅಲ್ಲಿ ಹೆಂಗಸಿನ ಹೆಸರು. ಇದು ತಿಳಿಯದೆ ಒಬ್ಬ ಹೆಣ್ಣುಮಗಳನ್ನು ನಾನು ಬಹಳ ದಿನ ಗಂಡಸೆಂದು ಬದಿಗಿಟ್ಟಿದ್ದೆ.

ಮದುವೆಯಾದ ಹೆಣ್ಣಿಗೆ ಸ್ಕಾಟ್ಲೆಂಡಿನ ಕಾಗದಪತ್ರಗಳಲ್ಲಿ ತವರಿನ ಹೆಸರು ಕೊನೆಯವರೆಗೂ ಇರುತ್ತದೆ. ವಿಧವೆಯಾದವಳು ಗಣತಿಯಲ್ಲಿ ಆ ಹೆಸರಿಗೇ ಮರಳಿರಬಹುದು. ಆದ್ದರಿಂದ ಗಂಡ ಸಿಗದಿದ್ದಾಗ ಹೆಂಡತಿಯನ್ನು ಎರಡೂ ಹೆಸರಿನಲ್ಲಿ ಹುಡುಕಿ. ಅವಳೂ ಸಿಗದಿದ್ದರೆ, ಮಕ್ಕಳಲ್ಲಿ ಅಪರೂಪದ ಹೆಸರು ಯಾವುದೋ ಅದನ್ನು ಹುಡುಕಿ. ಮಗು ಸಿಕ್ಕಿತೆಂದರೆ ದೋಷ ಕಾಗುಣಿತದ್ದು. ಇಡೀ ಮನೆಯೇ ಸಿಗದಿದ್ದರೆ ದೋಷ ಬೇರೆ ಕಡೆ ಇದೆ.

ಲಕ್ಷಣ: ಒಂದೇ ಹೆಸರಿನವರು ಐದಾರು ಮಂದಿ

ಇದಕ್ಕೆ ಕಾರಣ ಹೆಸರಿಡುವ ರೂಢಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದೇ. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು. ಒಬ್ಬ ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ಅದೇ ಪ್ಯಾರಿಷ್‌ನಲ್ಲಿ ಅದೇ ಹೆಸರಿನ ನಾಲ್ವರು ಮೊಮ್ಮಕ್ಕಳು ಹುಟ್ಟುತ್ತಿದ್ದರು. ರೂಢಿಯನ್ನು ಎಲ್ಲರೂ ಪಾಲಿಸುತ್ತಿರಲಿಲ್ಲ. ಅದನ್ನು ಸುಳಿವೆಂದು ಬಳಸಿ, ಸಾಕ್ಷಿಯೆಂದು ಬಳಸಬೇಡಿ.

ಈ ಗೊಂದಲ ಬಿಡಿಸುವ ಕೀಲಿ ತಾಯಿಯ ತವರಿನ ಹೆಸರು. 1855ರ ನಂತರದ ಸ್ಕಾಟಿಷ್ ಹುಟ್ಟು, ಮದುವೆ, ಸಾವಿನ ದಾಖಲೆಗಳಲ್ಲಿ ತಂದೆತಾಯಿ ಇಬ್ಬರ ಹೆಸರೂ, ತಾಯಿಯ ತವರಿನ ಹೆಸರೂ ಇರುತ್ತವೆ. ಹುಟ್ಟಿನ ದಾಖಲೆಯಲ್ಲಿ ತಂದೆತಾಯಿಯ ಮದುವೆಯ ದಿನ ಮತ್ತು ಊರು ಕೂಡ ಇರುತ್ತದೆ. 1856ರಿಂದ 1860ರವರೆಗೆ ಮಾತ್ರ ಅದನ್ನು ಬಿಟ್ಟಿದ್ದರು. ಆ ಐದು ವರ್ಷಗಳಲ್ಲಿ ಹುಟ್ಟಿದ ಮಗುವಿನ ದಾಖಲೆಗೆ ಹಣ ಹಾಕುವ ಬದಲು 1861ರ ನಂತರ ಹುಟ್ಟಿದ ತಮ್ಮನದೋ ತಂಗಿಯದೋ ತೆಗೆಸಿ.

ಇಷ್ಟಾದರೂ ಇಬ್ಬರು ಉಳಿದರೆ ಇಬ್ಬರನ್ನೂ ಸಾಯುವವರೆಗೆ ಹಿಂಬಾಲಿಸಿ. ಒಬ್ಬ ಎಳೆವಯಸ್ಸಿನಲ್ಲೇ ಸತ್ತಿರಬಹುದು, ಇನ್ನೊಬ್ಬ ಬೇರೆ ಹೆಣ್ಣನ್ನು ಮದುವೆಯಾಗಿರಬಹುದು. ಬೇಸರ ತರುವ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಅಂತರ್ಜಾಲದಲ್ಲಿ ಸಿಕ್ಕ ಬೇರೆಯವರ ವಂಶವೃಕ್ಷವನ್ನು ನಕಲು ಮಾಡಿದರೆ, ಇನ್ಯಾರದೋ ಅಜ್ಜನಿಗೆ ನೀವು ನಮಸ್ಕಾರ ಮಾಡುತ್ತಿರುತ್ತೀರಿ.

ಲಕ್ಷಣ: ಒಂದು ಗಣತಿಯಲ್ಲಿದ್ದಾನೆ, ಮುಂದಿನದರಲ್ಲಿ ಮಾಯ

ಬಹಳ ಮಂದಿ ಸೋಲುವುದು ಇಲ್ಲಿ. ಸೋಲುವುದಕ್ಕೆ ಕಾರಣ ದಾಖಲೆಯಲ್ಲಿಲ್ಲ, ಆ ದುಡಿಮೆಯ ಪದ್ಧತಿಯಲ್ಲಿದೆ.

ಸ್ಕಾಟ್ಲೆಂಡಿನ ಹೊಲದಾಳು ದಿನಗೂಲಿಯವನಾಗಿರುತ್ತಿದ್ದುದು ಕಡಿಮೆ. ಅವನು ಅವಧಿಯ ಕರಾರಿನ ಸಂಬಳದಾಳು. ಮದುವೆಯಾದವನಿಗೆ ಸಾಮಾನ್ಯವಾಗಿ ಒಂದು ವರ್ಷ, ಮದುವೆಯಾಗದವನಿಗೆ ಆರು ತಿಂಗಳು. ಅವಧಿ ಬದಲಾಗುವುದು ಮೇ ತಿಂಗಳ ವಿಟ್ಸನ್ ಮತ್ತು ನವೆಂಬರಿನ ಮಾರ್ಟಿನ್‌ಮಸ್ ಎಂಬ ಹಬ್ಬಗಳ ಹೊತ್ತಿಗೆ. ಅದಕ್ಕೆ ಮುಂಚೆ ಫೋರ್‌ಫರ್‌ನಂಥ ಪೇಟೆಗಳಲ್ಲಿ ಆಳುಗಳ ಸಂತೆ ಸೇರುತ್ತಿತ್ತು. ರೈತ ಬರುತ್ತಾನೆ, ಆಳನ್ನು ಕಾಣುತ್ತಾನೆ, ಸಂಬಳದ ಮಾತಾಗುತ್ತದೆ, ಅಂಗೈಗೆ ಒಂದು ನಾಣ್ಯ ಬೀಳುತ್ತದೆ. 'ಆರ್ಲ್ಸ್' ಎನ್ನುತ್ತಿದ್ದ ಆ ನಾಣ್ಯ ನಮ್ಮ ಮಾತಿನಲ್ಲಿ ಸಂಚಕಾರ. ಅದನ್ನು ಹಿಡಿದ ಮೇಲೆ ಕರಾರು ಮುಗಿದಂತೆ. ಅವಧಿಯ ದಿನ ಹೊಸ ಯಜಮಾನನ ಗಾಡಿ ಬಂದು ಮಂಚ, ಪೆಟ್ಟಿಗೆ, ಕೋಳಿ, ಮಕ್ಕಳನ್ನು ಹೇರಿಕೊಂಡು ಹೋಗುತ್ತಿತ್ತು.

ಈಗ ಗಣತಿಯ ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡಿ. 1851ರದ್ದು ಮಾರ್ಚ್ 30, 1861ರದ್ದು ಏಪ್ರಿಲ್ 7, 1871ರದ್ದು ಏಪ್ರಿಲ್ 2. ಅಂದರೆ ಗಣತಿ ತೋರಿಸುವುದು ಮೇ ತಿಂಗಳಲ್ಲಿ ಮುಗಿಯಲಿರುವ ಅವಧಿಯ ಹೊಲವನ್ನು. ಅದೇ ವರ್ಷ ಜುಲೈನಲ್ಲಿ ಮಗು ಹುಟ್ಟಿದ್ದರೆ ಆ ಮಗು ಬೇರೆ ಹೊಲದಲ್ಲಿ, ಪ್ರಾಯಶಃ ಬೇರೆ ಪ್ಯಾರಿಷ್‌ನಲ್ಲಿ ಹುಟ್ಟಿದೆ. 1841ರದ್ದು ಮಾತ್ರ ಜೂನ್ 6ಕ್ಕೆ ನಡೆಯಿತು. ಮೇ ಅವಧಿ ಕಳೆದು ಆಗ ಕೆಲವೇ ವಾರ, ಎಷ್ಟೋ ಸಂಸಾರಗಳು ಹೊಸ ಮನೆಯಲ್ಲಿ ಆಗಷ್ಟೇ ಒಲೆ ಹೂಡಿದ್ದವು.

ನನಗೆ ದಾರಿ ತೋರಿದ ಗಣತಿಯ ಪುಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗಂಡ, ಹೆಂಡತಿ, ನಾಲ್ಕು ಮಕ್ಕಳು. ಕಸುಬಿನ ಕಲಮಿನಲ್ಲಿ ಒಂದೇ ಪದ, ಉಳುವವನು. ನಾನು ಅಷ್ಟಕ್ಕೆ ಪುಟ ಮುಚ್ಚುತ್ತಿದ್ದೆ. ಒಂದು ದಿನ ಕೊನೆಯ ಕಲಮನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಹಿರಿಯ ಮಗಳು ಹುಟ್ಟಿದ್ದು ಕಿನೆಲ್, ಎರಡನೆಯವನು ಇನ್ವರ್‌ಕೀಲರ್, ಮೂರನೆಯವಳು ಲೂನನ್, ಕೂಸು ಕ್ರೇಗ್. ನಕ್ಷೆ ತೆಗೆದು ನೋಡಿದರೆ ನಾಲ್ಕೂ ಒಂದಕ್ಕೊಂದು ತಾಗಿಕೊಂಡ ಪ್ಯಾರಿಷ್‌ಗಳು, ಒಂದರ ಪಕ್ಕ ಒಂದು ಬರುವ ಒಂದೇ ಸಾಲು. ಮಕ್ಕಳ ವಯಸ್ಸೇ ಅವನ ದಿನಚರಿಯಾಗಿತ್ತು. ಮುಂದಿನ ಗಣತಿಗೆ ಆ ಸಾಲನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಿ ಹುಡುಕಿದೆ. ಪಕ್ಕದ ಪ್ಯಾರಿಷ್‌ನಲ್ಲೇ, ಮಿಲ್ ಎಂಬ ಹೆಸರಿನಲ್ಲಿ ಇದ್ದ.

ನೀವೂ ಹೀಗೆಯೇ ಮಾಡಿ. ಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರವನ್ನು ಮೊದಲ ಸುತ್ತೆಂದು ಇಟ್ಟುಕೊಳ್ಳಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹತ್ತೊಂಬತ್ತನೆಯ ಶತಮಾನದ ಆರ್ಡ್‌ನೆನ್ಸ್ ಸರ್ವೆ (ಸರ್ಕಾರಿ ಭೂಮಾಪನ) ನಕ್ಷೆಗಳನ್ನು ಬಿಟ್ಟಿಯಾಗಿ ನೋಡಬಹುದು. ಹೊಲದ ಮನೆ, ಆಳುಗಳ ಸಾಲುಮನೆ, ಬಾವಿಯವರೆಗೆ ಗುರುತಿರುತ್ತದೆ. ಒಂದು ಎಚ್ಚರ: ಹೊಲದ ಹೆಸರುಗಳು ಅಲ್ಲಿ ಮರುಕಳಿಸುತ್ತವೆ. ಮಿಲ್ಟನ್, ನ್ಯೂಟನ್, ಯಾವುದೋ ಒಂದರ 'ಮೇನ್ಸ್' (ಒಡೆಯನ ಮುಖ್ಯ ಹೊಲ), ಇವು ಸೀಮೆ ಸೀಮೆಗೂ ಸಿಗುತ್ತವೆ. ಪ್ಯಾರಿಷ್ ಇಲ್ಲದ ಹೊಲದ ಹೆಸರನ್ನು ನಂಬಬೇಡಿ.

ಹುಡುಗನಾಗಿದ್ದರೆ ತಂದೆತಾಯಿಯ ಮನೆಯಲ್ಲಿ ಹುಡುಕಬೇಡಿ. ಹದಿಮೂರು ಹದಿನಾಲ್ಕಕ್ಕೆ ಅವನು ಆಳಾಗಿ ಹೊರಟಿರುತ್ತಾನೆ. ಆಂಗಸ್, ಪರ್ತ್‌ಶೈರ್ ಕಡೆ ಮದುವೆಯಾಗದ ಆಳುಗಳು 'ಬಾದಿ' ಎಂಬ ಬಿಡಾರದಲ್ಲಿ ತಾವೇ ಗಂಜಿ ಬೇಯಿಸಿಕೊಂಡು ಇರುತ್ತಿದ್ದರು, ಗಣತಿಯಲ್ಲಿ ಅದು ಬೇರೆಯೇ ಮನೆಯಾಗಿ ಬರುವುದುಂಟು. ಅಬರ್ಡೀನ್‌ಶೈರಿನಲ್ಲಿ ಮಲಗುವುದು ಕೊಟ್ಟಿಗೆಯ ಬಳಿಯ 'ಚಾಮರ್' ಕೋಣೆಯಲ್ಲಿ, ಊಟ ಯಜಮಾನನ ಅಡುಗೆಮನೆಯಲ್ಲಿ. ಆಗ್ನೇಯದ ಬರಿಕ್‌ಶೈರ್, ಈಸ್ಟ್ ಲೋಥಿಯನ್ ಕಡೆ ಸಂಸಾರಸ್ಥ ಆಳಿಗೆ 'ಹೈಂಡ್' ಎಂಬ ಹೆಸರು. ಅವನು ತನ್ನ ಜೊತೆ ಹೊಲಗೆಲಸಕ್ಕೆ ಒಬ್ಬ ಹೆಣ್ಣಾಳನ್ನೂ ಒದಗಿಸಬೇಕಿತ್ತು, ಅವಳು 'ಬಾಂಡೇಜರ್'. ಅವಳು ಮಗಳೋ ತಂಗಿಯೋ ಸಂಬಳಕ್ಕೆ ತಂದವಳೋ ಎಂದು ವಿಚಾರಿಸಿ ನೋಡಿ. ಕಸುಬಿನ ಹೆಸರು ಬದಲಾದರೆ ಗಾಬರಿಯಾಗಬೇಡಿ: ಉಳುವವನು, ಹೊಲದಾಳು, ದನ ನೋಡುವವನು, ಪೇಟೆಗೆ ಹೋದ ಮೇಲೆ ಗಾಡಿಯವನು, ನಾಲ್ವರೂ ಒಬ್ಬನೇ ಇರಬಹುದು.

1855ರಿಂದ ವರ್ಷ ವರ್ಷ ಬರೆದ ಆಸ್ತಿಮೌಲ್ಯದ ಪಟ್ಟಿಗಳೂ ಇವೆ. ಅವುಗಳಲ್ಲಿ ಆಳು ಕಾಣದಿದ್ದರೆ ಅದು ದೋಷವಲ್ಲ. ವರ್ಷಕ್ಕೆ ನಾಲ್ಕು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯವರನ್ನು ಹೆಸರಿಸಲೇಬೇಕೆಂದಿರಲಿಲ್ಲ. ಆದರೆ ಹೊಲದ ಗೇಣಿದಾರ ಅಲ್ಲಿರುತ್ತಾನೆ. ಅವನೇ ಹೊಲ ಬದಲಿಸಿದಾಗ ಆಳೂ ಬೆನ್ನಿಗೆ ಹೋದದ್ದುಂಟು.

ಲಕ್ಷಣ: ವಯಸ್ಸು, ಹುಟ್ಟೂರು ತಾಳೆಯಾಗುವುದಿಲ್ಲ

1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಲು ಹೇಳಿದ್ದರು. ಇಪ್ಪತ್ತೊಂಬತ್ತರವನು ಇಪ್ಪತ್ತೈದಾಗುತ್ತಾನೆ. ಹುಟ್ಟೂರಿನ ಜಾಗದಲ್ಲಿ 'ಇದೇ ಸೀಮೆಯವನೇ' ಎಂಬುದಕ್ಕೆ ಹೌದು, ಇಲ್ಲ ಎಂದಷ್ಟೇ ಇರುತ್ತದೆ. ಮುಂದಿನ ಗಣತಿಗಳಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಸಹಜ. ಹುಟ್ಟೂರು ಒಮ್ಮೆ ಒಂದು ಪ್ಯಾರಿಷ್, ಇನ್ನೊಮ್ಮೆ ಪಕ್ಕದ್ದು ಎಂದಿದ್ದರೆ ಹುಟ್ಟಿದ ಹೊಲ ಗಡಿಯ ಮೇಲಿರಬಹುದು. ಹತ್ತು ವರ್ಷದ ಅಂತರ, ಇನ್ನೊಂದು ಮೂಲೆಯ ಸೀಮೆ ಎಂದರೆ ಅವನು ನಿಮ್ಮವನಲ್ಲ, ಬಿಡಿ.

ಸಾವಿನ ದಾಖಲೆಯಲ್ಲಿ ಮಾಹಿತಿ ಕೊಟ್ಟವರ ಸಹಿ ನೋಡಿ. ಹೆಂಡತಿಯೋ ಮಗನೋ ಹೇಳಿದ್ದರೆ ತೂಕ ಹೆಚ್ಚು. ಅಳಿಯನೋ ನೆರೆಯವನೋ ಹೇಳಿದ್ದರೆ, ಸತ್ತವನ ತಾಯಿಯ ಹೆಸರು ಊಹೆಯಾಗಿರಬಹುದು.

ಲಕ್ಷಣ: ಹುಟ್ಟಿನ ದಾಖಲೆಯಲ್ಲಿ ತಂದೆಯ ಜಾಗ ಖಾಲಿ

ವಾಯವ್ಯಕ್ಕಿಂತ ಈಶಾನ್ಯ ಸೀಮೆಯಲ್ಲಿ ಇದು ತೀರ ಸಾಮಾನ್ಯ. ಮದುವೆಯಾಗದ ಆಳುಗಳಿಗೆ ಬಿಡಾರವಿತ್ತು, ಸಂಸಾರಕ್ಕೆ ಮನೆ ಇರಲಿಲ್ಲ. ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ತಾಯಿ ಮುಂದಿನ ಅವಧಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಗಣತಿಯಲ್ಲಿ ಆ ಮಗು ಅಜ್ಜಿಯ ಮಗನೆಂದೇ ಬರೆಸಿಕೊಂಡಿರಬಹುದು. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಆ ಹೆಣ್ಣಿನ ಕಷ್ಟವನ್ನು ನೆನೆದು ಮುಂದೆ ಹೋಗಿ.

1855ರ ನಂತರ ತಂದೆಯೂ ತಾಯಿಯ ಜೊತೆ ಬಂದು ಸಹಿ ಹಾಕಿದರೆ ಮಾತ್ರ ಅವನ ಹೆಸರು ಬರೆಯುತ್ತಿದ್ದರು. ತಾಯಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿದ್ದರೆ ಮೂಲ ಪುಟದ ಅಂಚಿನಲ್ಲಿ ತಿದ್ದುಪಡಿ ಪುಸ್ತಕದ ಉಲ್ಲೇಖ ಇರುತ್ತದೆ. ಹಾಗಾಗಿ ಅಂಚನ್ನು ಓದದೆ ಪುಟ ಮುಚ್ಚಬೇಡಿ. ಮಗುವಿನ ಎರಡನೆಯ ಹೆಸರು ಮನೆತನದ ಹೆಸರಿನಂತಿದ್ದರೆ ಅದು ತಂದೆಯದಾಗಿರಬಹುದು. ಅದಕ್ಕೂ ಹಿಂದಿನ ಕಾಲಕ್ಕೆ ಕಿರ್ಕ್ ಸೆಷನ್ ಪುಸ್ತಕಗಳಿವೆ, ಅಂದರೆ ಚರ್ಚಿನ ಹಿರಿಯರ ಸಭೆಯ ನಡಾವಳಿ. ಹೆಣ್ಣನ್ನು ಕರೆಸಿ, ತಂದೆ ಯಾರೆಂದು ಕೇಳಿ, ಅವನು ಯಾವ ಹೊಲದಲ್ಲಿದ್ದಾನೆಂದು ಬರೆದಿಟ್ಟಿರುತ್ತಾರೆ. ಇವುಗಳಿಗೆ ಹೆಸರಿನ ಸೂಚಿಯಿಲ್ಲ; ಪುಟ ಪುಟ ತಿರುವಬೇಕು. ಮಗು ಹುಟ್ಟಿದ ದಿನದ ಹಿಂದಿನ ಆರು ತಿಂಗಳು, ಮುಂದಿನ ಒಂದು ವರ್ಷ ಸಾಕು.

ಡಿಎನ್‌ಎ ಪರೀಕ್ಷೆ ಇಲ್ಲಿ ನೆರವಾಗುತ್ತದೆ, ಗಾಯವನ್ನೂ ಮಾಡುತ್ತದೆ. ನೂರೈವತ್ತು ವರ್ಷ ಹಿಂದಿನ ತಂದೆಯನ್ನು ಹುಡುಕಲು ಹೋಗಿ, ಬದುಕಿರುವ ಒಬ್ಬರ ಜನ್ಮದ ಗುಟ್ಟು ಹೊರಬಿದ್ದೀತು. ಮನೆಯವರೊಂದಿಗೆ ಕುಳಿತು ಮಾತಾಡಿ, ಅವರ ಒಪ್ಪಿಗೆ ಸಿಕ್ಕ ಮೇಲಷ್ಟೇ ಮಾಡಿಸಿ.

ಲಕ್ಷಣ: 1855ಕ್ಕಿಂತ ಹಿಂದೆ ಹೋಗಲಾಗುವುದಿಲ್ಲ

ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನವು ಸ್ಕಾಟ್ಲೆಂಡಿನ ಅಧಿಕೃತ ಚರ್ಚಿನ ಪ್ಯಾರಿಷ್ ಪುಸ್ತಕಗಳು. ಅಲ್ಲಿ ಎಲ್ಲರೂ ಇರುವುದಿಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆಯಿತ್ತು. ಬಡವರು ಬರೆಸದೆ ಬಿಟ್ಟರು. 1843ರಲ್ಲಿ ಚರ್ಚು ಒಡೆದು ಫ್ರೀ ಚರ್ಚ್ ಹುಟ್ಟಿದಾಗ ದೊಡ್ಡ ಜನಸಮೂಹ ಹೊರನಡೆಯಿತು. 1843ರಿಂದ 1854ರ ನಡುವಿನ ಮಗು ಸಿಗದಿದ್ದರೆ ಆ ಚರ್ಚಿನ ಪುಸ್ತಕ ನೋಡಿ. ಪಾದ್ರಿಯಿಲ್ಲದೆ ಇಬ್ಬರೂ ಒಪ್ಪಿ ಹೇಳಿದ ಮಾತೇ ಅಲ್ಲಿ ಕಾನೂನಿನ ಪ್ರಕಾರ ಮದುವೆಯಾಗುತ್ತಿತ್ತು. ಅಂಥ ಮದುವೆಗೆ ಕಾಗದವೇ ಇಲ್ಲದಿರಬಹುದು.

ಇಲ್ಲೊಂದು ಒಳ್ಳೆಯ ಉಪಾಯವಿದೆ. ಮೊದಲ ವರ್ಷವಾದ 1855ರ ದಾಖಲೆಗಳು ಬೇರೆಲ್ಲ ವರ್ಷಗಳಿಗಿಂತ ಸಮೃದ್ಧ. ಹುಟ್ಟಿನ ಪುಟದಲ್ಲಿ ತಂದೆತಾಯಿಯ ವಯಸ್ಸು, ಹುಟ್ಟೂರು, ಹಿಂದಿನ ಮಕ್ಕಳ ಲೆಕ್ಕ. ಸಾವಿನ ಪುಟದಲ್ಲಿ ಹುಟ್ಟೂರು ಮತ್ತು ಮಕ್ಕಳ ಹೆಸರುಗಳು. ಕೆಲಸ ವಿಪರೀತವಾಯಿತೆಂದು ಮುಂದಿನ ವರ್ಷವೇ ಕೈಬಿಟ್ಟರು. ನಿಮ್ಮ ಪೂರ್ವಜನಿಗೆ ಆ ವರ್ಷ ಏನೂ ಆಗಿರದಿದ್ದರೂ ಅಣ್ಣನಿಗೆ, ಅಕ್ಕನಿಗೆ, ಚಿಕ್ಕಪ್ಪನಿಗೆ ಏನಾದರೂ ಆಗಿದೆಯೇ ನೋಡಿ. ಒಂದು ಪುಟದ ಹಣದಲ್ಲಿ ಹಿಂದಿನ ತಲೆಮಾರು ಎದ್ದು ಬರಬಹುದು.

ಲಕ್ಷಣ: ಸಾವು ಸಿಗುತ್ತಿಲ್ಲ

ಮುದಿ ಆಳು ಬಡವರ ನೆರವಿಗೆ ಕೈಚಾಚಿದ್ದರೆ ಅವನ ಪೂರ್ತಿ ಬದುಕು ಒಂದು ಪುಟದಲ್ಲಿ ಸಿಕ್ಕೀತು. 1845ರ ಕಾನೂನಿನ ಪ್ರಕಾರ ಒಂದು ಪ್ಯಾರಿಷ್‌ನಲ್ಲಿ ಸತತ ಐದು ವರ್ಷ ನೆಲೆಸಿ ದುಡಿದವನಿಗೆ ಅದೇ ಪ್ಯಾರಿಷ್ ನೆರವು ಕೊಡಬೇಕು. ಇಲ್ಲದಿದ್ದರೆ ಭಾರ ಹುಟ್ಟಿದ ಪ್ಯಾರಿಷ್‌ನದು. ಅವಧಿಗೊಂದು ಹೊಲ ಸುತ್ತಿದವನಿಗೆ ಐದು ವರ್ಷ ಎಲ್ಲಿಂದ ಬರಬೇಕು? ಆದ್ದರಿಂದ ಅವನ ಕಡತವನ್ನು ಸತ್ತ ಊರಿನಲ್ಲಿ ಮಾತ್ರವಲ್ಲ, ಹುಟ್ಟಿದ ಪ್ಯಾರಿಷ್‌ನ ಕಾಗದಗಳಲ್ಲೂ ಹುಡುಕಿ. ಇವು ಸ್ಥಳೀಯ ಪತ್ರಾಗಾರಗಳಲ್ಲಿರುತ್ತವೆ.

ಕೆನಡಾ, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿದವರು ಅಸಂಖ್ಯ. ಸೈನ್ಯ ಸೇರಿದವರೂ ಇದ್ದಾರೆ, ಅಲ್ಲಿಂದ ದಾರಿ ನಮ್ಮ ನಾಡಿಗೂ ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸ್ಕಾಟ್ಲೆಂಡಿನ 73 ಮತ್ತು 74ನೇ ಹೈಲ್ಯಾಂಡ್ ಪಡೆಗಳಿದ್ದವು. ಮುಂದೆ ಬೆಂಗಳೂರು ದಂಡುಪ್ರದೇಶದಲ್ಲೂ ಬ್ರಿಟಿಷ್ ಪಡೆಗಳು ಬೀಡುಬಿಟ್ಟವು. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಮದುವೆ, ಸಮಾಧಿ ನಮೂದುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪಿಂಚಣಿ ಪಡೆದು ಬಿಡುಗಡೆಯಾದ ಸೈನಿಕರ ಕಾಗದಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಹುಟ್ಟಿದ ಪ್ಯಾರಿಷ್ ಇರುತ್ತದೆ.

ಸ್ಥಳಕ್ಕೆ ಹೋಗುವಾಗ ಎಚ್ಚರ

ಹಳೆಯ ಸಮಾಧಿಕಲ್ಲುಗಳಿಗೆ ಒರಗಬೇಡಿ. ಬುಡ ಸಡಿಲವಾದ ಕಲ್ಲು ಮೈಮೇಲೆ ಬಿದ್ದರೆ ಪ್ರಾಣಕ್ಕೆ ಸಂಚಕಾರ. ಪಾಚಿ ಕೆರೆಯಬೇಡಿ, ಯಾವ ರಾಸಾಯನಿಕವನ್ನೂ ಸುರಿಯಬೇಡಿ. ಓರೆ ಬಿಸಿಲಿನಲ್ಲಿ ಅಕ್ಷರ ತಾನೇ ಮೂಡುತ್ತದೆ. ಆಳಿಗೆ ಕಲ್ಲೇ ಇಲ್ಲದಿರುವುದು ಹೆಚ್ಚು, ನಿರಾಶರಾಗಬೇಡಿ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಬೆಳೆ ಇಲ್ಲದ ಹೊಲಗಳಲ್ಲಿ ಜವಾಬ್ದಾರಿಯಿಂದ ನಡೆಯುವ ಹಕ್ಕು ಕೊಟ್ಟಿದೆ, ಮನೆಯಂಗಳಕ್ಕೆ ನುಗ್ಗುವ ಹಕ್ಕು ಕೊಟ್ಟಿಲ್ಲ; ಬಾಗಿಲು ತಟ್ಟಿ ಕೇಳಿ. ಕರುವಿನ ಜೊತೆಗಿರುವ ಹಸುಗಳ ನಡುವೆ ಹೋಗಬೇಡಿ. ಮಾಡು ಕುಸಿದ ಆಳುಮನೆಗಳನ್ನು ಹೊರಗಿನಿಂದಲೇ ನೋಡಿ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಇಬ್ಬರು ಅಭ್ಯರ್ಥಿಗಳು ಎಲ್ಲ ಪರೀಕ್ಷೆಯನ್ನೂ ದಾಟಿ ಸಮಸಮ ನಿಂತಾಗ ನಿಲ್ಲಿಸಿ. ಆ ಪ್ಯಾರಿಷ್‌ನ ಪುಸ್ತಕವೇ ಆ ವರ್ಷಗಳಿಗೆ ಉಳಿದಿಲ್ಲವೆಂದು ಖಚಿತವಾದಾಗ ನಿಲ್ಲಿಸಿ. ಹದಿನೇಳನೆಯ ಶತಮಾನದ ಕೈಬರಹ ಎದುರಾದಾಗಲೂ ಅಷ್ಟೇ. ಅದನ್ನು ಓದಲು ಬೇರೆಯೇ ಅಭ್ಯಾಸ ಬೇಕು. ನಾಣ್ಯ ಚಿಮ್ಮಿ ಒಬ್ಬನನ್ನು ಆರಿಸಿಕೊಳ್ಳುವುದು ಬೇಡ. 'ಇಬ್ಬರಲ್ಲಿ ಒಬ್ಬ' ಎಂದು ಬರೆದಿಟ್ಟರೂ ಅದು ಪ್ರಾಮಾಣಿಕ ವಂಶವೃಕ್ಷವೇ.

ಮೊದಲ ನೆರವು ಆ ಸೀಮೆಯ ಕುಟುಂಬ ಇತಿಹಾಸ ಸಂಘಗಳದ್ದು. ಆಂಗಸ್‌ಗೆ ಟೇ ವ್ಯಾಲಿ ಸಂಘ, ಅಬರ್ಡೀನ್ ಕಡೆಗೆ ಈಶಾನ್ಯ ಸ್ಕಾಟ್ಲೆಂಡಿನ ಸಂಘ. ಸಮಾಧಿಕಲ್ಲುಗಳ ಬರಹವನ್ನು ಅವರ ಸದಸ್ಯರು ಮಳೆಯಲ್ಲಿ ನೆನೆದು ನಕಲು ಮಾಡಿಟ್ಟಿದ್ದಾರೆ. ಎಡಿನ್‌ಬರಾದ ಸ್ಕಾಟ್ಲೆಂಡ್ಸ್ ಪೀಪಲ್ ಕೇಂದ್ರದಲ್ಲಿ ದಿನದ ಶುಲ್ಕ ಕಟ್ಟಿ ಕುಳಿತರೆ ಪುಟಕ್ಕೊಂದರಂತೆ ಹಣ ತೆರಬೇಕಿಲ್ಲ. ಅದಕ್ಕೂ ಆಚೆ, ಸಂಬಳ ಪಡೆದು ಹುಡುಕಿಕೊಡುವ ವೃತ್ತಿಪರರ ಒಕ್ಕೂಟವೊಂದು 'ಆಸ್ಗ್ರಾ' ಎಂಬ ಹೆಸರಿನಲ್ಲಿದೆ. ಅವರಿಗೆ ಬರೆಯುವಾಗ ಮನೆತನದ ಕಥೆಯಿಂದ ಶುರು ಮಾಡಬೇಡಿ. ನೋಟ್‌ಪುಸ್ತಕದ ಆ ಪಟ್ಟಿಯನ್ನು ಮೊದಲ ಹಾಳೆಯಾಗಿ ಇಡಿ: ದಿನಾಂಕ, ಹೊಲ, ಪ್ಯಾರಿಷ್, ಕಸುಬು, ಹೇಳಿದವರು. ಅದರ ಕೆಳಗೆ, ಹುಡುಕಿಯೂ ಸಿಗದ ಕಡೆಗಳ ಪಟ್ಟಿ.